ಇಲ್ಲಿ ಲಾಸ್ಟ್ ಬೆಂಚೇ ಇಲ್ಲ ಕಣೋ

ಪ್ರೀತಿಯ ಗುಂಡ,

ಪತ್ರ ಬರೆ ಅಂದೆ, ಬರೆದಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ನೀನು ಓದುವುದಿಲ್ಲ, ಅದಕ್ಕೇ ಎಲ್ಲರ ಮುಂದೆ ಹಾಕುತ್ತಿದ್ದೇನೆ. ನೀಲಿ ಬಕೆಟ್ಟಿನ ವಿಷಯ ಎತ್ತಲ್ಲ, ಹೆದರಬೇಡ.

ನಾನು ಅಮೆರಿಕದಲ್ಲಿ ಸೇರಿರುವುದು ಎಲ್ಲ ಥರದ ವಿಷಯ ಓದಿಸುವ ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜು ಅಂದಾಗ, ಲಿಬರಲ್ ಆರ್ಟ್ಸ್ ಅಂದರೆ ಚಿತ್ರ ಬಿಡಿಸೋದಾ ಅಂತ ಕೇಳಿದ್ದೆಯಲ್ಲ. ಈ ಹೆಸರಿನ, ಹಳೇ ಕಾಲದ ಯುರೋಪಿನ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕದ ಜೊತೆ ರೇಖಾಗಣಿತ, ಖಗೋಳವೂ ಇದ್ದವು. ಚಿತ್ರಕಲೆ ಇರಲಿಲ್ಲ. ಸಮಾಧಾನ ಆಯ್ತಾ?

ನಿನ್ನ ಯೂನಿವರ್ಸಿಟಿಯಲ್ಲಿ ಒಂದು ಕ್ಲಾಸಿಗೆ 300 ಜನ ಅಂತೀಯ. ಇಲ್ಲಿ ನನ್ನ ಫಿಲಾಸಫಿ ಕ್ಲಾಸಿಗೆ 9 ಜನ. ಒಂದು ಉದ್ದ ಮೇಜು, ಸುತ್ತ ಕುರ್ಚಿ, ಕಿಟಕಿಯಾಚೆ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲ. ಓದದೆ ಬಂದರೆ ಬಚ್ಚಿಟ್ಟುಕೊಳ್ಳಲು ಒಬ್ಬರ ಬೆನ್ನೂ ಸಿಗುವುದಿಲ್ಲ. ಪೇಪರ್ ತಿದ್ದಿಕೊಡುವ ಎಂ.ಎ., ಪಿಎಚ್.ಡಿ. ಹುಡುಗರಿಲ್ಲದ ಕಾಲೇಜು ಇದು, ಹಾಗಾಗಿ ತಿದ್ದುವುದೂ ಪ್ರೊಫೆಸರೇ. ನಾನು ಎಲ್ಲಿ ಬುರುಡೆ ಬಿಟ್ಟಿದ್ದೇನೆ ಅಂತ ಅವರಿಗೆ ಸಾಲು ಸಾಲಾಗಿ ಗೊತ್ತು.

ಹೋದ ವಾರ ಚರ್ಚೆ ನಡೆಸುವ ಸರದಿ ನನ್ನದು. ಹೋಗಲಿಲ್ಲ. ಜ್ವರ ಅಂತ ಮೇಲ್ ಹಾಕಿದೆ. ಮಧ್ಯಾಹ್ನದೊಳಗೆ ಬಾಗಿಲ ಹತ್ತಿರ ಯಾರೋ ನೋಟ್ಸ್ ಇಟ್ಟು ಹೋಗಿದ್ದರು. ಪಕ್ಕದ ರೂಮಿನವನು ಥರ್ಮಾಮೀಟರ್ ತಂದ. ಲೈಬ್ರರಿಯಾಕೆ, ಪುಸ್ತಕ ನಿಧಾನಕ್ಕೆ ಕೊಡು, ಮೊದಲು ಹುಷಾರಾಗು ಅಂತ ಬರೆದರು. ಅವರಿಗೆ ಹೇಳಿದ್ದು ಯಾರು? ಮೂರು ದಿನ ಕೆಮ್ಮಿದೆ. ಜ್ವರ ಅಂದವನು ಕೆಮ್ಮಬೇಕಿರಲಿಲ್ಲ, ಆದರೂ ಕೆಮ್ಮಿದೆ.

ನಿಜ ಹೇಳ್ತೀನಿ. ಎರಡನೇ ವರ್ಷ ಮುಗಿಯುವುದರೊಳಗೆ ಯಾವ ವಿಷಯದಲ್ಲಿ ಮೇಜರ್, ಅಂದರೆ ಯಾವುದು ಮುಖ್ಯ ವಿಷಯ, ಅಂತ ಬರೆದುಕೊಡಬೇಕು. ಆ ಚರ್ಚೆಯ ಹಿಂದಿನ ದಿನ ಅಡ್ವೈಸರ್ ಅದರ ಫಾರ್ಮ್ ಕೊಟ್ಟು, "ನಿನಗೇನು ಓದಬೇಕು?" ಅಂತ ಕೇಳಿದರು. ಎಲ್ಲದಕ್ಕೂ ಏನಾದರೂ ಹೇಳುವ ನಾನು ಸುಮ್ನೆ ಕೂತೆ. ಮನೆಯಲ್ಲಿ ಕಂಪ್ಯೂಟರ್ ಸೈನ್ಸ್ ಅಂತಲೇ ನಂಬಿದ್ದಾರೆ. ಇಲ್ಲಿಯವರೆಗೆ ತೆಗೆದುಕೊಂಡ ಕಂಪ್ಯೂಟರ್ ಕೋರ್ಸ್ ಒಂದೇ ಒಂದು. ಉಳಿದದ್ದು ಫಿಲಾಸಫಿ, ಕಲ್ಲುಮಣ್ಣಿನ ವಿಜ್ಞಾನ, ಮತ್ತೆ, ನಗಬೇಡ, ಕುಂಬಾರಿಕೆ. ಅಮ್ಮ ಕೇಳಿದಾಗಲೆಲ್ಲ "ಕೋಡಿಂಗ್ ಜಾಸ್ತಿ ಇದೆ" ಅಂತೀನಿ. ಈ ಸುಳ್ಳಿಗೆ ಒಂದೂವರೆ ವರ್ಷ.

ಇಲ್ಲಿ ಎಲ್ಲರಿಗೂ ನಾನು ಗೊತ್ತು ಅಂದುಕೊಂಡಿದ್ದೆ. ಅವರಿಗೆ ಗೊತ್ತಿರುವುದು ಜೋರಾಗಿ ಮಾತಾಡುವ ಒಬ್ಬ. ಮನೆಯವರಿಗೆ ಗೊತ್ತಿರುವುದು ಕೋಡ್ ಬರೆಯುವ ಇನ್ನೊಬ್ಬ. ಬಾಗಿಲು ತಟ್ಟಿದಾಗಲೆಲ್ಲ ಹಿತ ಅನ್ನಿಸುತ್ತಿತ್ತು, ಜ್ವರ ಇಳಿಯಿತು ಅನ್ನಲು ಮನಸ್ಸೇ ಬರಲಿಲ್ಲ. ಎರಡನೇ ರಾತ್ರಿ ದೀಪ ಆರಿಸಿ ಅತ್ತೆ.

ಅತ್ತೆ, ಕ್ರಿಯಾಪದ ಕಣೋ. ಹೈದರಾಬಾದಿನ ಅತ್ತೆ ಬಂದಿರಲಿಲ್ಲ.

ಇರಲಿ ಬಿಡು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಡೀಪ್ ಸ್ಪ್ರಿಂಗ್ಸ್ ಅಂತ ಒಂದು ಕಾಲೇಜಿದೆ, 1917ರದ್ದು. ಇಡೀ ಕಾಲೇಜಿಗೆ ಮೂವತ್ತರ ಆಸುಪಾಸು ವಿದ್ಯಾರ್ಥಿಗಳು, ಓದಿನ ಜೊತೆ ದನಕರು ನೋಡಿಕೊಳ್ಳುವ ಕೆಲಸವೂ ಅವರದೇ. ಅಲ್ಲಿ ಸೇರಿದ್ದರೆ ನನ್ನ ಸುಳ್ಳು ಜ್ವರ ಹಸುಗಳಿಗೂ ಗೊತ್ತಾಗುತ್ತಿತ್ತು.

ಫಾರ್ಮ್ ಇನ್ನೂ ಮೇಜಿನ ಮೇಲಿದೆ. ಅದರ ಮೇಲೆ ಥರ್ಮಾಮೀಟರ್ ಇಟ್ಟಿದ್ದೇನೆ, ವಾಪಸ್ ಕೊಡಲು ಮುಖ ಇಲ್ಲ. ಅಪ್ಪ ಇದನ್ನೆಲ್ಲ ಓದುವುದಿಲ್ಲ, ಆದರೆ ನಿಮ್ಮಕ್ಕ ಓದುತ್ತಾಳೆ. ಬಾಯಿ ಬಿಡಬೇಡ ಅಂತ ಹೇಳು ಅವಳಿಗೆ. ಬಿಟ್ಟರೆ ಬಕೆಟ್ಟಿನ ಕಥೆ ಪೂರ್ತಿ ಬರೆಯುತ್ತೇನೆ, ಬಣ್ಣದ ಸಮೇತ.

ಇಂತಿ,
ಕೆಮ್ಮುತ್ತಿರುವ ನಿನ್ನ ಗೆಳೆಯ