ಇಲಿಗೆ ವಾಸಿಯಾದರೆ ನಮಗೂ ವಾಸಿಯೇ?

ಮಾನ್ಯರೇ,

‘ಕ್ಯಾನ್ಸರ್‌ಗೆ ಕೊನೆಗೂ ಮದ್ದು’ ಎಂಬಂಥ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಪೂರ್ತಿ ಓದಿದರೆ, ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದು ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ. ಕೆಲವೊಮ್ಮೆ ಆ ಸಾಲೂ ಇರುವುದಿಲ್ಲ. ಇಲಿಯಲ್ಲಿ ಗೆದ್ದ ಬಹುಪಾಲು ಮದ್ದುಗಳು ಮನುಷ್ಯರ ಮೇಲಿನ ಪರೀಕ್ಷೆಗಳನ್ನು ದಾಟುವುದೇ ಇಲ್ಲ. ಆ ಪರೀಕ್ಷೆಯ ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ಮದ್ದು ಸುರಕ್ಷಿತವೇ, ಎಷ್ಟು ಡೋಸ್ ಕೊಡಬಹುದು ಎಂಬುದನ್ನು. ಈಗಿರುವ ಚಿಕಿತ್ಸೆಗಿಂತ ಅದು ಮೇಲೇ ಎಂದು ಸಾಮಾನ್ಯವಾಗಿ ತಿಳಿಯುವುದು ಮೂರನೇ ಹಂತದಲ್ಲಿ. ಸುದ್ದಿ ಯಾವ ಹಂತದ್ದು ಅಂತ ಮೊದಲ ಪ್ಯಾರಾದಲ್ಲೇ ಹೇಳಬಹುದು ಅಲ್ವಾ? ಕಾಯಿಲೆಯವರ ಮನೆಯಲ್ಲಿ ಸುಮ್ನೆ ಆಸೆ ಹುಟ್ಟಿಸುವುದು ಸಣ್ಣ ತಪ್ಪಲ್ಲ.

ನಿಜವಾದ ಸಂಶೋಧನೆ ನಿಧಾನ. ಆದರೆ ಅದರ ಕಥೆಯೇ ಜಾಸ್ತಿ ಸ್ವಾರಸ್ಯ. ಅಂಡಾಶಯ ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂದು ಬ್ರಿಟನ್ನಿನ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಅಂಡಾಶಯದಲ್ಲಿ ತಯಾರಾಗಿ ಇಂಥ ಕ್ಯಾನ್ಸರ್ ಬೆಳೆಯಲು ನೆರವಾಗುವ ಈಸ್ಟ್ರೋಜನ್ ಹಾರ್ಮೋನು ಆಗಿನ್ನೂ ಪತ್ತೆಯಾಗಿರಲಿಲ್ಲ! ಸ್ತನದ ಕ್ಯಾನ್ಸರ್ ಕೋಶಗಳಲ್ಲಿ ಆ ಹಾರ್ಮೋನಿನ ಕೆಲಸ ತಡೆಯುವ ಟಮಾಕ್ಸಿಫೆನ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ. ಇಂಥದ್ದನ್ನು ಬರೆದರೆ ಓದುಗರು ಖಂಡಿತ ಓದುತ್ತಾರೆ.

ಇನ್ನೊಂದು ಮಾತು. ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಬರೆಯಬೇಡಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವುಗಳಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿಸುವ ಬಗೆಯದು ಹಲವರಿಗೆ ಬರೀ ಮಾತ್ರೆಯಿಂದಲೇ ಕುಗ್ಗುತ್ತದೆ. ಆಪರೇಷನ್ ಕೂಡ ಬೇಕಾಗುವುದಿಲ್ಲ.

– ಒಬ್ಬ ಓದುಗ