ಗಾಳ ಹಿಡಿದ ಆಟಗಾರರನ್ನು ಗದರಿಸಬೇಡಿ

ಮಾನ್ಯರೇ,

ಮೊಗ್ರಾಲ್ ಹೊಳೆಯ ದಂಡೆಯಲ್ಲಿ ಕಳೆದ ಭಾನುವಾರ ಗಾಳ ಹಾಕಿ ಕುಳಿತಿದ್ದ ಇಬ್ಬರು ಹುಡುಗರನ್ನು ಹಿರಿಯರೊಬ್ಬರು ಗದರಿಸಿ ಎಬ್ಬಿಸಿದರು. ಹಿಂದಿನ ರಾತ್ರಿಯಷ್ಟೇ ಸೆವೆನ್ಸ್ (ತಂಡಕ್ಕೆ ಏಳು ಮಂದಿ ಆಡುವ ಫುಟ್‌ಬಾಲ್) ಪಂದ್ಯದಲ್ಲಿ ಓಡಿ ದಣಿದವರು ಅವರು. ‘ಮೀನು ಹಿಡಿಯುತ್ತ ಕೂತವನು ಫುಟ್‌ಬಾಲ್‌ನಲ್ಲಿ ಮೇಲೆ ಬಂದದ್ದುಂಟೇ?’ ಎಂಬ ಮಾತು ಕೇಳಿ ನನಗೆ ನೋವಾಯಿತು.

ಉಂಟು. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ರಕ್ಷಣಾ ಆಟಗಾರ ಜಾಕ್ ಚಾರ್ಲ್‌ಟನ್ ಅವರಿಗೆ ಗಾಳವೆಂದರೆ ಪ್ರಾಣವಾಗಿತ್ತು. ಗಣಿ ಕಾರ್ಮಿಕನ ಮಗನಾದ ಅವರು ಮುಂದೆ ತರಬೇತುದಾರರಾಗಿ ಐರ್ಲೆಂಡ್ ತಂಡವನ್ನು 1990 ಮತ್ತು 1994ರ ವಿಶ್ವಕಪ್‌ಗಳಿಗೆ ಕೊಂಡೊಯ್ದರು. ಮೀನು ಹಿಡಿಯುವ ಹವ್ಯಾಸವನ್ನು ಮಾತ್ರ ಬಿಡಲಿಲ್ಲ. ಲಂಡನ್ನಿನ ಆರ್ಸೆನಲ್ ಕ್ಲಬ್‌ನ ಗೋಲ್‌ಕೀಪರ್ ಆಗಿದ್ದ ಡೇವಿಡ್ ಸೀಮನ್ ಅವರಿಗೂ ಇದೇ ಹುಚ್ಚು. ಗೋಲ್‌ಕೀಪರನಿಗೆ ಕಣ್ಣು ನೆಟ್ಟು ಕಾಯುವುದೇ ಅರ್ಧ ಆಟವಲ್ಲವೇ! ಇಂಗ್ಲೆಂಡ್ ತಂಡದ ಮಾಜಿ ಆಟಗಾರ ಪಾಲ್ ಗ್ಯಾಸ್ಕಾಯ್ನ್ ಕೂಡ ಗಾಳಪ್ರಿಯರೇ.

ಗ್ಯಾಲರಿಯ ಕೂಗಾಟ ಕಿವಿಯಲ್ಲಿ ಇನ್ನೂ ಮೊಳಗುತ್ತಿರುವಾಗ ನೀರಿನ ಮುಂದೆ ಮೌನವಾಗಿ ಕುಳಿತುಕೊಳ್ಳುವುದು ಸೋಮಾರಿತನವಲ್ಲ, ವಿಶ್ರಾಂತಿ. ಗದರಿಸಲೇಬೇಕಿದ್ದರೆ ಹೊಳೆಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಸ ಎಸೆಯುವವರನ್ನು ಗದರಿಸಲಿ. ನಮ್ಮ ಕ್ಲಬ್‌ಗಳ ತರಬೇತುದಾರರು ಪಂದ್ಯದ ಮರುದಿನ ಹುಡುಗರನ್ನು ದಯವಿಟ್ಟು ಅವರ ಪಾಡಿಗೆ ಬಿಡಬೇಕು.

— ಫುಟ್‌ಬಾಲ್ ಅಭಿಮಾನಿ, ಕುಂಬಳೆ, ಕಾಸರಗೋಡು