ವಯಸ್ಸು ಕೇಳಿ, ಹೆಸರು ಬೇಡ: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಸರ್ಕಾರ ಕೊಡುವ ಡಿಜಿಟಲ್ ಗುರುತನ್ನು ನಾನು ಬೇಡ ಅನ್ನುತ್ತಿಲ್ಲ. ತೆರಿಗೆ ಕಟ್ಟಲು, ಬ್ಯಾಂಕ್ ಖಾತೆ ತೆರೆಯಲು ಅದರಿಂದ ಅನುಕೂಲವೇ. ನನ್ನ ಭಯ ಬೇರೆ. ಮಕ್ಕಳನ್ನು ಕಾಪಾಡಬೇಕು, ಕಿಡಿಗೇಡಿಗಳನ್ನು ಹಿಡಿಯಬೇಕು ಅಂತ ಅದೇ ಗುರುತನ್ನು ಪ್ರತಿ ಜಾಲತಾಣದ ಬಾಗಿಲಲ್ಲೂ ಕೇಳತೊಡಗಿದರೆ ಏನು ಗತಿ?

ದಕ್ಷಿಣ ಕೊರಿಯಾ ಇದನ್ನು ಮಾಡಿ ನೋಡಿದೆ. ದೊಡ್ಡ ತಾಣಗಳಲ್ಲಿ ಏನಾದರೂ ಬರೆಯಬೇಕಾದರೆ ನಿಜವಾದ ಗುರುತು ತೋರಿಸಲೇಬೇಕು ಎಂಬ ನಿಯಮ ಅಲ್ಲಿ 2007ರಲ್ಲಿ ಬಂತು. ಜನ ತಮ್ಮ ನಿವಾಸಿ ನೋಂದಣಿ ಸಂಖ್ಯೆ, ಅಂದರೆ ಅಲ್ಲಿನ ಸರ್ಕಾರ ಪ್ರತಿ ಪ್ರಜೆಗೂ ಕೊಡುವ ಗುರುತಿನ ಸಂಖ್ಯೆ ಕೊಟ್ಟರು, ತಾಣಗಳು ಕೂಡಿಟ್ಟವು. ಕೂಡಿಟ್ಟ ಕಡೆಗೆ ಕಳ್ಳರು ಬರದೇ ಇರುತ್ತಾರಾ? 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ಆ ದೇಶದ ಜನಸಂಖ್ಯೆಯೇ ಆಗ 5 ಕೋಟಿಯಷ್ಟು! ಪಾಸ್‌ವರ್ಡ್ ಕಳೆದರೆ ಬದಲಿಸಬಹುದು. ಹುಟ್ಟಿನಿಂದ ಅಂಟಿಕೊಂಡ ಸಂಖ್ಯೆಯನ್ನು ಏನು ಮಾಡುವುದು? 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನು ಸರ್ವಾನುಮತದಿಂದ ರದ್ದು ಮಾಡಿತು. ಕೆಟ್ಟ ಬರಹಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ ಎಂದೂ ಹೇಳಿತು.

ಹೆಸರು ಕೇಳಿದ ಕೂಡಲೇ ಬಾಯಿ ಮುಚ್ಚಿಕೊಳ್ಳುವವರು ಯಾರು ಅಂತ ಯೋಚಿಸಿ. ಗಂಡನ ಹೊಡೆತ ತಾಳಲಾರದೆ ಬೇರೆ ಹೆಸರಿನಲ್ಲಿ ಸಹಾಯ ಕೇಳುವ ಹೆಣ್ಣುಮಗಳು. ಮನೆಯವರಿಗೂ ಹೇಳಲಾಗದ ಕಾಯಿಲೆಯ ಬಗ್ಗೆ ವಿಚಾರಿಸುವ ಹುಡುಗ. ಮೋಸಗಾರನಿಗೇನು, ಕದ್ದ ಗುರುತಿನಲ್ಲೇ ಬರುತ್ತಾನೆ.

18 ದಾಟಿದೆಯಾ ಎಂಬ ಪ್ರಶ್ನೆಗೆ ‘ಹೌದು’ ಅಂದರೆ ಸಾಕು ಅಲ್ವಾ? ಸರ್ಕಾರದ ಡಿಜಿಟಲ್ ಸಹಿಯಿರುವ ದಾಖಲೆ ನಮ್ಮ ಮೊಬೈಲಿನಲ್ಲೇ ಇದ್ದು, ಹೆಸರು, ಹುಟ್ಟಿದ ದಿನ ಏನನ್ನೂ ಬಿಟ್ಟುಕೊಡದೆ ಅಷ್ಟನ್ನೇ ಸಾಬೀತು ಮಾಡುವ ತಂತ್ರ ಈಗಾಗಲೇ ಇದೆ. ಅದನ್ನು ಬಿಟ್ಟು, ಪ್ರತಿ ಸಲವೂ ಸರ್ಕಾರದ ಸರ್ವರನ್ನೇ ವಿಚಾರಿಸುವ ವ್ಯವಸ್ಥೆ ಮಾಡಿದರೆ, ನಾನು ಯಾವ ತಾಣಕ್ಕೆ ಯಾವಾಗ ಹೋದೆ ಎಂಬ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಇವತ್ತು ನೀವು ಅದನ್ನು ಓದದೇ ಇರಬಹುದು. ನಾಳೆ ಆ ಕುರ್ಚಿಗೆ ಬರುವವರು?

ದಾರಿ ಇಲ್ಲ ಅನ್ನಬೇಡಿ. ಯುರೋಪಿಯನ್ ಒಕ್ಕೂಟದ 2024ರ ನಿಯಮದಲ್ಲಿ ಡಿಜಿಟಲ್ ವಾಲೆಟ್ (ಗುರುತಿನ ದಾಖಲೆಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವ ಆ್ಯಪ್) ಕಡ್ಡಾಯವಲ್ಲ, ಬೇಡ ಅಂದವರಿಗೆ ಸೇವೆ ನಿಲ್ಲಿಸುವಂತಿಲ್ಲ. ಕಾನೂನು ನಿಜ ಗುರುತು ಕೇಳದ ಕಡೆ ಗುಪ್ತನಾಮಕ್ಕೂ ಜಾಗ ಇದೆ. ಎಸ್ಟೋನಿಯಾದಲ್ಲಂತೂ ತಮ್ಮ ಮಾಹಿತಿಯನ್ನು ಯಾವ ಇಲಾಖೆ ತೆರೆದು ನೋಡಿತು ಎಂದು ಜನರೇ ನೋಡಬಹುದು.

ಇಂಥ ಕಾನೂನು ನಿಮ್ಮ ಮುಂದೆ ಮತಕ್ಕೆ ಬಂದಾಗ ದಯವಿಟ್ಟು ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ನಾನು ಗುರುತು ತೋರಿಸಿದ ಪ್ರತಿ ಸಲದ ದಾಖಲೆ ಎಲ್ಲಿ ಉಳಿಯುತ್ತದೆ, ಎಷ್ಟು ದಿನ? ‘ಎಲ್ಲೂ ಉಳಿಯುವುದಿಲ್ಲ’ ಎಂಬ ಉತ್ತರ ಕಾನೂನಿನಲ್ಲೇ ಬರೆದಿರುವ ತನಕ ಕೈ ಎತ್ತಬೇಡಿ.

ಇಂತಿ,
ನಿಮ್ಮ ಒಬ್ಬ ಮತದಾರ